ಬೆನ್ನಿಗೊಂದು ತಗಡು

ಹತ್ತು ಆನೆ ತೂಕದ ದೋಣಿಯನ್ನು, ಅದರ ಟ್ರೈಲರ್ ಸಮೇತ, ಎಡಗೈಯ ಕಿರುಬೆರಳಿನಿಂದ ದಿಬ್ಬದ ತುದಿಗೆ ಎಳೆದುಕೊಂಡು ಹೋದವನು ನಾನು. ಬಲಗೈಯಲ್ಲಿ ಚಹಾದ ಲೋಟ ಇತ್ತು. ಒಂದು ಹನಿ ಚೆಲ್ಲಲಿಲ್ಲ. ಮೇಲೆ ತಲುಪಿದಾಗಲೂ ಚಹಾ ಸುಡುತ್ತಿತ್ತು, ಊದಿ ಊದಿ ಕುಡಿದೆ.

ನಂಬುವುದಿಲ್ಲವೇ? ಬೇಡ ಬಿಡಿ. ಕೋಟು ಹಾಕಿದವರು ಹೇಳಿದ್ದನ್ನೆಲ್ಲ ತಲೆದೂಗಿ ನಂಬುತ್ತೀರಿ. ನನ್ನಂಥವನು ಬಾಯಿಬಿಟ್ಟರೆ ಮಾತ್ರ ಸಾಕ್ಷಿ ಕೇಳುತ್ತೀರಿ.

ಯಾರ್ಡಿನಲ್ಲಿ ನನ್ನನ್ನು ಕರೆಯುವುದೇ ‘ಟನ್ನು’ ಎಂದು. ನನ್ನ ಶಕ್ತಿ ನೋಡಿ ಇಟ್ಟ ಹೆಸರು. ಶಕ್ತಿ ನೋಡಿ ಅಲ್ಲ, ನಾಲಿಗೆ ನೋಡಿ ಇಟ್ಟದ್ದು ಎಂದು ನಮ್ಮಕ್ಕ ಹೇಳುತ್ತಾಳೆ. ಅವಳ ಮಾತು ಆಮೇಲೆ ನೋಡೋಣ.

ನಮ್ಮದು ದೋಣಿ ಯಾರ್ಡು. ದುಡ್ಡಿದ್ದವರು ತಮ್ಮ ಮೋಜಿನ ದೋಣಿಗಳನ್ನು ತಂದು ನಿಲ್ಲಿಸುವ ಜಾಗ. ನಾವು ಏಳು ಜನ ಆಳುಗಳು. ಅಕ್ಕ ಒಬ್ಬಳು, ನಾನೊಬ್ಬ, ಇನ್ನೈದು ಮಂದಿ. ದೋಣಿಯ ಕೆಳಗೆ ಅಂಗಾತ ಮಲಗಿ ತಳಕ್ಕೆ ಕಚ್ಚಿದ ಚಿಪ್ಪು, ಪಾಚಿ ಕೆರೆಯುತ್ತೇವೆ. ಕೆರೆದದ್ದು, ತಳದ ನೀಲಿ ಬಣ್ಣದ ಪುಡಿ ಸಮೇತ, ಕಣ್ಣಿಗೆ ಬೀಳುತ್ತದೆ, ಬಾಯಿಗೆ ಬೀಳುತ್ತದೆ. ಸಂಜೆ ಉಗುಳಿದರೆ ಉಗುಳು ನೀಲಿ. ಮನೆಗೆ ಹೋದರೆ ನನ್ನ ಉಗುಳಿನಲ್ಲಿ ಒಂದು ಬಾಗಿಲಿಗೆ ಬಣ್ಣ ಬಳಿಯಬಹುದು, ಅಷ್ಟು. ಏಳು ಜನರಲ್ಲಿ ಒಬ್ಬರೂ ಆ ದೋಣಿಗಳಲ್ಲಿ ಕೂತು ನೀರಿನ ಮೇಲೆ ಹೋದವರಲ್ಲ. ದೋಣಿಯ ತಳ ಮಾತ್ರ ನಮಗೆ ಗೊತ್ತು. ಮೇಲಿನ ಭಾಗ ಅವರದು.

ಯಾರ್ಡಿನ ಧಣಿಗೆ ತನ್ನದೇ ಒಂದು ದೋಣಿ ಇತ್ತು. ಬಿಳಿ ದೋಣಿ. ವಾರಕ್ಕೊಮ್ಮೆ ಅದನ್ನು ಟ್ರೈಲರಿಗೆ ಏರಿಸಿ, ಕಾರಿಗೆ ಕಟ್ಟಿ, ದಿಬ್ಬದಾಚೆಯ ಕೆರೆಗೆ ಒಯ್ಯುತ್ತಿದ್ದ. ಈ ಧಣಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾನೂನಿಗೆ ಅಷ್ಟೊಂದು ಮರ್ಯಾದೆ ಕೊಡುವ ಮನುಷ್ಯನನ್ನು ನಾನು ಏಳು ಲೋಕದಲ್ಲೂ ನೋಡಿಲ್ಲ. ಟ್ರೈಲರಿನ ಮೂತಿಯ ಹತ್ತಿರ ರಿವೆಟ್ ಹೊಡೆದು ಕೂರಿಸಿದ ಒಂದು ಅಂಗೈಯಗಲದ ತಗಡು ಇದೆ. ಅದರ ಮೇಲೆ ಕೊರೆದ ಅಂಕಿ: ಎರಡು ಸಾವಿರದ ಏಳುನೂರು ಕಿಲೋ. ಟ್ರೈಲರಿನ ತೂಕ, ದೋಣಿಯ ತೂಕ, ದೋಣಿಯೊಳಗಿನ ಹಗ್ಗದ ತುಂಡಿನ ತೂಕ ಎಲ್ಲ ಸೇರಿ ಅದಕ್ಕಿಂತ ಒಂದು ಕಿಲೋ ಹೆಚ್ಚಾಗಕೂಡದು. ಎಳೆಯುವ ಕಾರಿಗೂ ಒಂದು ಮಿತಿ ಇದೆ. ಕಾರು, ಟ್ರೈಲರ್ ಎರಡೂ ಸೇರಿ ಇನ್ನೊಂದು ಮಿತಿ. ಮೀರಿದರೆ ದಂಡ, ಗಾಡಿ ಜಪ್ತಿ, ಲೈಸೆನ್ಸ್ ಕೂಡ ಹೋಗಬಹುದು.

ಧಣಿ ಆ ತಗಡನ್ನು ದೇವರ ಪಟದ ಹಾಗೆ ನೋಡಿಕೊಳ್ಳುತ್ತಿದ್ದ. ಅದನ್ನು ಪ್ರತಿ ಸೋಮವಾರ ಬಟ್ಟೆಯಿಂದ ತಿಕ್ಕಿ ಹೊಳೆಯಿಸುವುದು ಅಕ್ಕನ ಕೆಲಸ. ಟೈರಿನ ಮುಂದೆ ಮಂಡಿಯೂರಿ ಕೂತು, ಗಾಳಿ ಅಳೆದು, ‘ಪಾಪ, ಭಾರ ಆಗ್ತಿಲ್ಲ ತಾನೆ?’ ಎಂದು ರಬ್ಬರನ್ನು ಸವರುವ ಮನುಷ್ಯ ಅವನು. ನಮ್ಮ ಮುಂದೆ ಮಂಡಿಯೂರಿದ್ದು ನಾನು ಕಂಡಿಲ್ಲ.

ಇಂಥ ಜಾಣ ದೋಣಿ ಕೊಳ್ಳುವಾಗ ಏನು ಮಾಡಿದ ಗೊತ್ತೇ? ಬಣ್ಣಬಣ್ಣದ ಚಿತ್ರಗಳಿದ್ದ ಕಂಪನಿಯ ಪುಸ್ತಕದಲ್ಲಿ ಅಚ್ಚಾಗಿದ್ದ ತೂಕ ನೋಡಿ, ಕೂಡಿಸಿ, ಟ್ರೈಲರಿಗೆ ಸರಿಹೋಗುತ್ತದೆ ಎಂದು ಕೊಂಡ. ಆ ತೂಕ ಬರೀ ಖಾಲಿ ದೋಣಿಯದು. ಬ್ಯಾಟರಿ ಇಲ್ಲ, ಇಂಧನ ಇಲ್ಲ, ಲಂಗರು ಇಲ್ಲ. ಕುರಿಯ ಕರುಳು ಮಾಂಸ ಎಲ್ಲ ತೆಗೆದು ಚರ್ಮ ತೂಗಿದ ಹಾಗೆ. ದೋಣಿ ಬಂದು, ಸಾಮಾನು ತುಂಬಿ, ತೂಗಿ ನೋಡಿದರೆ ತಗಡಿನ ಅಂಕಿ ದಾಟಿ ಎಲ್ಲೋ ಹೋಗಿತ್ತು. ಯಾರ್ಡಿಗೆ ಲಾರಿ ತರುವ ಡ್ರೈವರನಿಗೆ ಗೊತ್ತಿದ್ದ ವಿಷಯ ಅದು. ಅವನನ್ನು ಕೇಳುವುದಕ್ಕೆ ಧಣಿಗೆ ನಾಚಿಕೆ.

ದೊಡ್ಡ ಟ್ರೈಲರ್ ಕೊಳ್ಳಬಹುದಿತ್ತು. ಸಾಮಾನಿಗೆ ಇನ್ನೊಂದು ಗಾಡಿ ಕರೆಸಬಹುದಿತ್ತು. ಅಷ್ಟೆಲ್ಲ ಯಾಕೆ? ಆಳುಗಳಿದ್ದಾರಲ್ಲ.

ಯಾರ್ಡಿನಿಂದ ಮೇಲೇರುವ ರಸ್ತೆಯಲ್ಲಿ ಒಂದೇ ಒಂದು ತೂಕದ ಠಾಣೆ. ರಸ್ತೆಯಲ್ಲಿ ಹೂತ ಒಂದು ಕಬ್ಬಿಣದ ಹಾಸು. ಟ್ರೈಲರ್ ಅದರ ಮೇಲೆ ನಿಂತರೆ ಪಕ್ಕದ ಗಾಜಿನ ಕೋಣೆಯಲ್ಲಿ ಕೆಂಪು ಅಂಕಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಕೂತ ತೂಕದ ಸಾಹೇಬರು ಅಂಕಿ ನೋಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ಠಾಣೆಗಿಂತ ಸ್ವಲ್ಪ ಕೆಳಗೆ ಒಂದು ತಿರುವು. ಅಲ್ಲಿಂದ ದಿಬ್ಬದ ನೆತ್ತಿಗೆ ಹತ್ತುವ ಕಲ್ಲಿನ ಮೆಟ್ಟಿಲು. ಒಂಬತ್ತು ನೂರು ಮೆಟ್ಟಿಲು. ಠಾಣೆಯ ಬೆನ್ನ ಹಿಂದೆಯೇ ಹಾದು ಹೋಗುತ್ತದೆ.

ಆ ತಿರುವಿನಲ್ಲಿ ಕಾರು ನಿಲ್ಲುತ್ತಿತ್ತು. ಯಾರ್ಡಿನಿಂದ ನಡೆದು ಬಂದ ನಾವು ದೋಣಿಯಿಂದ ಸಾಮಾನು ಇಳಿಸಿ ಬೆನ್ನಿಗೇರಿಸಿಕೊಳ್ಳುತ್ತಿದ್ದೆವು. ಇಬ್ಬರು ಹೆಚ್ಚುವರಿ ಎಂಜಿನನ್ನು ಬೊಂಬಿಗೆ ಕಟ್ಟಿ ಹೊರುತ್ತಿದ್ದರು. ಇಬ್ಬರು ಇಂಧನದ ಕ್ಯಾನು. ಒಬ್ಬ ಒಂದು ಬ್ಯಾಟರಿ ಮತ್ತು ಲಂಗರು. ನಾನು ಇನ್ನೊಂದು ಬ್ಯಾಟರಿ. ಅಕ್ಕ ಲಂಗರಿನ ಸರಪಳಿ. ಟ್ರೈಲರ್ ಹಗುರಾಗಿ, ಮದುಮಗಳ ಹಾಗೆ ಬಳುಕುತ್ತಾ ಠಾಣೆಗೆ ಹೋಗಿ, ತೂಗಿಸಿಕೊಂಡು, ಚೀಟಿ ತೆಗೆದುಕೊಂಡು ಮೇಲೆ ಬರುತ್ತಿತ್ತು. ನಾವು ಮೆಟ್ಟಿಲು ಹತ್ತಿ ಬಂದು ನೆತ್ತಿಯಲ್ಲಿ ಎಲ್ಲವನ್ನೂ ಮತ್ತೆ ತುಂಬುತ್ತಿದ್ದೆವು. ಇದಕ್ಕೆ ನಾವು ಇಟ್ಟ ಹೆಸರು ‘ನಡೆಯೋ ತೂಕ’. ಎಂಜಿನಿನ ತೂಕ, ಬ್ಯಾಟರಿಯ ತೂಕ, ಅವುಗಳ ಕೆಳಗೆ ನಡೆಯುವ ಎರಡು ಕಾಲು.

ತೂಕದ ಸಾಹೇಬರು ಒಮ್ಮೆ ಕತ್ತು ಹೊರಳಿಸಿದ್ದರೆ ಕಿಟಕಿಯಲ್ಲಿ ನಾವು ಕಾಣುತ್ತಿದ್ದೆವು. ಅವರು ಹೊರಳಿಸಲಿಲ್ಲ. ಅವರ ಕತ್ತು ಅಂಕಿಯ ಕಡೆಗೆ ಮಾತ್ರ ತಿರುಗುವಂತೆ ಸರ್ಕಾರ ಮಾಡಿಸಿತ್ತೋ ಏನೋ.

ನಾನು ಬಿಡಿ, ಬ್ಯಾಟರಿ ನನಗೆ ಹತ್ತಿಯ ದಿಂಬು. ಅಕ್ಕನ ಸರಪಳಿ ನಾನೂರು ಕಿಲೋ. ಹೆಗಲಿಂದ ಸೊಂಟದವರೆಗೆ ಮೂರು ಸುತ್ತು ಸುತ್ತಿಕೊಂಡು ಹತ್ತುತ್ತಿದ್ದಳು. ಮೊದಲು ಕತ್ತಿನ ಚರ್ಮ ಸುಲಿಯಿತು. ಆಮೇಲೆ ಎಡಗಾಲು ಜೋಮು ಹಿಡಿಯಿತು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಾಗದೆ ಗೋಡೆ ಹಿಡಿದು ಮಗುವಿನ ಹಾಗೆ ತೆವಳಿದಳು. ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಬೆನ್ನುಮೂಳೆಯ ಚಿತ್ರ ತೆಗೆಸಿ, ಒಂದು ಚೀಟಿ ಬರೆದು, ಮೊಹರು ಒತ್ತಿ ಕೊಟ್ಟರು. ‘ಹತ್ತು ಕಿಲೋಗಿಂತ ಹೆಚ್ಚು ಭಾರ ಎತ್ತಕೂಡದು. ಎತ್ತಿದರೆ ಕಾಲು ಶಾಶ್ವತವಾಗಿ ಹೋಗಬಹುದು.’

ಅಕ್ಕ ಆ ಚೀಟಿಯನ್ನು ನಮ್ಮನ್ನು ದುಡಿಸುವ ಮೇಸ್ತ್ರಿಯ ಕೈಗೆ ಕೊಟ್ಟಳು. ಅವನು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಓದಿದ.

“ಹತ್ತು ಕಿಲೋನಾ? ಹತ್ತು ಕಿಲೋ ಎತ್ತೋಕೆ ನೀನ್ಯಾಕಮ್ಮ, ಬೆಕ್ಕು ಸಾಕ್ಕೋತೀನಿ.”

“ಬೇರೆ ಕೆಲಸ ಕೊಡಿ ಮೇಸ್ತ್ರಿ. ಉಜ್ಜೋದು, ಕೆರೆಯೋದು ಎಲ್ಲ ಮಾಡ್ತೀನಿ. ಹೊರೋದೊಂದು ಬೇಡ.”

“ಹೊರೋರು ಯಾರು ಹಾಗಾದ್ರೆ? ನಿಮ್ಮ ಡಾಕ್ಟರಾ?” ಅವನು ಟ್ರೈಲರಿನ ತಗಡಿಗೆ ಬೆರಳು ಕುಟ್ಟಿ ತೋರಿಸಿದ. “ಇದಕ್ಕೆ ತಗಡು ಹೊಡೆದವ್ರೆ, ಕಾನೂನು ಐತೆ. ನಿಂಗೇನಿದೆ? ಹೋಗು, ನಿನ್ನ ಬೆನ್ನಿಗೂ ಒಂದು ತಗಡು ಹೊಡೆಸ್ಕೊಂಡು ಬಾ. ಆಮೇಲೆ ಮಾತಾಡೋಣ.”

ಧಣಿ ಅಲ್ಲೇ ಇದ್ದ. ದೋಣಿಯ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ತಿರುಗಿ, ತುಂಬ ಮೃದುವಾಗಿ, “ಸರಪಳಿ ಹೊರೋದೇ ಸುಲಭ ಅಲ್ವೇನಮ್ಮ? ಮೈಗೆ ಕೂತ್ಕೊಳ್ಳುತ್ತೆ. ಹಾರ ಹಾಕ್ಕೊಂಡ ಹಾಗೆ ಹಾಕ್ಕೋ,” ಎಂದ.

ಅಕ್ಕ ಚೀಟಿ ಮಡಚಿ ಜೇಬಿಗಿಟ್ಟುಕೊಂಡಳು.

ಈಗ ಕೇಳಿ ನನ್ನ ಪ್ರತಾಪ.

ಆ ವಾರ ದೋಣಿ ಒಯ್ಯುವ ದಿನ ಬೆಳಗ್ಗೆ ಅಕ್ಕ ಅಳುತ್ತಾ ಕೂತಿದ್ದಳು. ನಾನು ಎದೆ ತಟ್ಟಿ ಹೇಳಿದೆ: “ಅಕ್ಕಾ, ನಾನಿದೀನಿ. ಅವನು ತಗಡು ಕೇಳಿದ ತಾನೆ? ಕೊಡೋಣ.” ಚೀಟಿಯನ್ನು ನಾನೇ ಅವಳ ಅಂಗಿಯ ಬೆನ್ನಿಗೆ ಪಿನ್ನು ಹಾಕಿ ಚುಚ್ಚಿದೆ. ಆ ಉಪಾಯ ಪೂರ್ತಿ ನನ್ನದು. ತಿರುವಿಗೆ ಬಂದೆವು. ಮೇಸ್ತ್ರಿ ಸರಪಳಿ ತೋರಿಸಿ “ಎತ್ತು” ಎಂದ. ಅಕ್ಕ ನಡುಗುತ್ತಿದ್ದಳು. ನಾನು ಅಡ್ಡ ನಿಂತೆ. “ಯಾವನೋ ಅವನು ಎತ್ತು ಅನ್ನೋನು!” ಎಂದು ಗುಡುಗಿದೆ. ಗುಡುಗಿಗೆ ಕಾರಿನ ಗಾಜು ಬಿರುಕು ಬಿಟ್ಟಿತು. ಮೇಸ್ತ್ರಿಯ ಹಲ್ಲುಕಡ್ಡಿ ಗಂಟಲಿಗೆ ಇಳಿಯಿತು. ಸರಪಳಿ, ಎರಡು ಬ್ಯಾಟರಿ, ಎಂಜಿನ್, ಕ್ಯಾನು, ಲಂಗರು ಎಲ್ಲವನ್ನೂ ಒಬ್ಬನೇ ಹೊತ್ತು, ಮೆಟ್ಟಿಲ ಕಡೆಗಲ್ಲ, ನೇರ ರಸ್ತೆಯಲ್ಲಿ, ತೂಕದ ಠಾಣೆಗೆ ನಡೆದೆ. ಟ್ರೈಲರಿನ ಪಕ್ಕ ಕಬ್ಬಿಣದ ಹಾಸಿನ ಮೇಲೆ ನಿಂತೆ. ಕೆಂಪು ಅಂಕಿ ಓಡಿ ಓಡಿ ಸುಸ್ತಾಗಿ ಠುಸ್ ಎಂದು ಆರಿಹೋಯಿತು. ಸಾಹೇಬರು ಹೊರಗೆ ಬಂದು ನನಗೆ ಸೆಲ್ಯೂಟ್ ಹೊಡೆದರು. ಟ್ರೈಲರ್ ಜಪ್ತಿ. ಧಣಿ ನನ್ನ ಕಾಲು ಹಿಡಿದುಕೊಂಡು, “ಟನ್ನಣ್ಣಾ, ತಪ್ಪಾಯ್ತು,” ಎಂದು ಅತ್ತ ಅಳುವಿಗೆ ರಸ್ತೆಯಲ್ಲಿ ದೋಣಿ ತೇಲಿತು. ನಾನು ಕಾಲು ಕೊಡವಿಕೊಂಡೆ ಅಷ್ಟೆ.

ಇಲ್ಲಿಯವರೆಗೆ ಬರೆದು, ಅಕ್ಕನಿಗೆ ಓದಿ ಹೇಳಿದೆ.

ಅಕ್ಕ ಈಗ ಹೆಚ್ಚು ಹೊತ್ತು ಕೂರಲಾರಳು. ಮರದ ಹಲಗೆಯ ಮೇಲೆ ನೆಟ್ಟಗೆ ಮಲಗಿ, ಸೂರು ನೋಡುತ್ತಾ ಕೇಳಿದಳು. ದೋಣಿ ತೇಲಿದ ಕಡೆ ಜೋರಾಗಿ ನಕ್ಕಳು. ನಕ್ಕರೆ ಬೆನ್ನು ನೋಯುತ್ತದೆ, ಸೊಂಟಕ್ಕೆ ಕೈ ಒತ್ತಿಕೊಂಡೇ ನಕ್ಕಳು.

“ಚೆನ್ನಾಗಿ ಬರ್ದಿದೀಯ ಕಣೋ,” ಎಂದಳು. “ಎಲ್ಲ ನೀನೇ ಮಾಡಿದೆ. ಆಗ್ಲಿ. ಒಂದು ಕೇಳ್ಲಾ?”

“ಕೇಳಕ್ಕ.”

“ಆವತ್ತು ಆ ಸರಪಳಿ ಮೆಟ್ಟಿಲು ಹೇಗೆ ಹತ್ತಿತು?”

ನಾನು ಕಾಗದದ ಹಾಳೆಗಳನ್ನು ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ.

“ಎದ್ದು ಹೋಗ್ಬೇಡ,” ಎಂದಳು. “ಅದನ್ನೂ ಬರಿ. ಬರ್ದು ಓದು.”

ಬರೆಯುತ್ತೇನೆ.

ಸರಪಳಿ ನಾನೂರು ಕಿಲೋ ಅಲ್ಲ. ನಲವತ್ತು. ನನ್ನ ಬ್ಯಾಟರಿ ಇಪ್ಪತ್ತೇಳು, ಅದು ಹತ್ತಿಯ ದಿಂಬು ಅಲ್ಲ. ಮೆಟ್ಟಿಲು ಒಂಬತ್ತು ನೂರಲ್ಲ.

ಪಿನ್ನು ನಾನು ಹಾಕಲಿಲ್ಲ. ಆವತ್ತು ಬೆಳಗ್ಗೆ ಅಕ್ಕ ಅಳುತ್ತಿರಲಿಲ್ಲ. ಯಾರ್ಡಿನ ನೀಲಿ ಅಂಗಿ ತೊಟ್ಟು, ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, “ಇದನ್ನ ಹಿಂದೆ ಚುಚ್ಚೋ, ನನ್ನ ಕೈ ಅಲ್ಲೀವರೆಗೆ ಹೋಗಲ್ಲ,” ಎಂದಳು. ನಾನು, “ಬೇಡ ಅಕ್ಕ, ಜನ ನಗ್ತಾರೆ,” ಎಂದೆ. ಅವಳು ಒಳಗೆ ಹೋಗಿ, ಅಂಗಿ ಕಳಚಿ, ಮಂಚದ ಮೇಲೆ ಹರಡಿ, ನಾಲ್ಕು ಮೂಲೆಗೂ ಪಿನ್ನು ಹಾಕಿ, ಮತ್ತೆ ತೊಟ್ಟುಕೊಂಡು ಬಂದಳು. ತಗಡಿಗೆ ನಾಲ್ಕು ರಿವೆಟ್ ಇರುತ್ತದಲ್ಲ, ಹಾಗೆ. ವಾರವಾರವೂ ತಿಕ್ಕಿದವಳು ಅವಳು. ಅವಳಿಗೆ ಗೊತ್ತು.

ತಿರುವಿನಲ್ಲಿ ಮೇಸ್ತ್ರಿ “ಎತ್ತು” ಎಂದ. ಅಕ್ಕ ಅವನಿಗೆ ಬೆನ್ನು ತಿರುಗಿಸಿ ನಿಂತಳು.

“ಓದಿ ಮೇಸ್ತ್ರಿ. ತಗಡು ಹೊಡೆಸ್ಕೊಂಡು ಬಂದಿದೀನಿ.”

ಕಾರಿನೊಳಗೆ ಧಣಿ ಹಾರ್ನ್ ಒತ್ತಿದ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. “ಎತ್ತಲ್ವಾ? ಸರಿ. ನಾಳೆಯಿಂದ ಬರ್ಬೇಡ. ಯಾರಾದ್ರೂ ತಗೊಳ್ರೋ ಅದನ್ನ!” ಎಂದು ನಮ್ಮ ಕಡೆ ನೋಡಿದ.

ಸರಪಳಿ ಟ್ರೈಲರಿನ ಅಂಚಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಐದು ಜನ ಅಲ್ಲಾಡಲಿಲ್ಲ. ಎಂಜಿನ್ ಹೊತ್ತ ಇಬ್ಬರು ಅಕ್ಕನ ಬೆನ್ನಿನ ಚೀಟಿ ನೋಡುತ್ತಾ ನಿಂತರು. ಅವರಿಗೆ ಓದಲು ಬರುವುದಿಲ್ಲ, ಮೊಹರು ಕಂಡಿತು. ಕ್ಯಾನಿನವನೊಬ್ಬ ಆಕಾಶ ನೋಡಿದ. ಹೆಚ್ಚೆಂದರೆ ಅರ್ಧ ನಿಮಿಷ. ಇನ್ನರ್ಧ ನಿಮಿಷ ಹಾಗೇ ನಿಂತಿದ್ದರೆ ಸಾಕಿತ್ತು. ಸರಪಳಿ ಗಾಡಿಯಲ್ಲೇ ಉಳಿದಿದ್ದರೆ ಗಾಡಿ ತಗಡಿನ ಅಂಕಿಗಿಂತ ಮೂವತ್ತು ಕಿಲೋ ಹೆಚ್ಚಾಗುತ್ತಿತ್ತು. ಠಾಣೆ ದಾಟುತ್ತಿರಲಿಲ್ಲ. ಅಕ್ಕ ಕೈ ಕಟ್ಟಿ ನಿಂತೇ ಗೆದ್ದುಬಿಡುತ್ತಿದ್ದಳು.

ನಾನು ಎತ್ತಿದೆ.

ಬ್ಯಾಟರಿಯ ಮೇಲೆ ಸರಪಳಿ. ಅರವತ್ತೇಳು ಕಿಲೋ. ಅವಳ ಕೆಲಸ ಉಳಿಸುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. “ನಾಳೆಯಿಂದ ಬರ್ಬೇಡ” ಎನ್ನುವ ಮಾತು ನನ್ನ ಕಿವಿಯಲ್ಲಿ ನನ್ನನ್ನೇ ಕರೆದ ಹಾಗೆ ಕೇಳಿಸಿತು. ಮೇಸ್ತ್ರಿ ನನ್ನ ಭುಜ ತಟ್ಟಿ, “ಭಲೇ ಟನ್ನು,” ಎಂದ. ನನ್ನ ಬದುಕಿನಲ್ಲಿ ಆ ಯಾರ್ಡು ನನಗೆ ಕೊಟ್ಟ ಒಂದೇ ಹೊಗಳಿಕೆ ಅದು. ಆ ಕ್ಷಣ ಖುಷಿಯಾಯಿತು. ಅದನ್ನೂ ಬರೆದಿಡುತ್ತೇನೆ.

ಅಕ್ಕ ನನ್ನನ್ನು ನೋಡಿದಳು. ಬರಿಗೈಯಲ್ಲಿ ರಸ್ತೆ ಹಿಡಿದು ನಡೆದಳು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ನನ್ನ ತಲೆ ಸರಪಳಿಯ ಕೆಳಗೆ ಬಗ್ಗಿತ್ತು. ಕಣ್ಣೆದುರು ಇದ್ದದ್ದು ಕಲ್ಲು ಮಾತ್ರ. ಉಳಿದವರು ಆಮೇಲೆ ಹೇಳಿದರು. ಟ್ರೈಲರ್ ಕಬ್ಬಿಣದ ಹಾಸಿನ ಮೇಲೆ ನಿಂತಿತ್ತಂತೆ. ಎರಡು ಸಾವಿರದ ಆರುನೂರ ತೊಂಬತ್ತು. ಸಾಹೇಬರು ಚೀಟಿ ಹರಿಯಲು ಕೈ ಹಾಕಿದ್ದರಂತೆ. ಅಕ್ಕ ಹೋಗಿ ಟ್ರೈಲರಿನ ಪಕ್ಕ ಹಾಸಿನ ಮೇಲೆ ನಿಂತಳಂತೆ. ಅಂಕಿ ಎರಡು ಸಾವಿರದ ಏಳುನೂರ ಮೂವತ್ತಾರಕ್ಕೆ ಹಾರಿತಂತೆ. ನಮ್ಮಕ್ಕನ ತೂಕ ನಲವತ್ತಾರು ಕಿಲೋ ಎಂದು ನಮಗೆಲ್ಲ ಗೊತ್ತಾದದ್ದು ಆಗಲೇ.

“ಏನಮ್ಮಾ, ಇಳೀರಿ ಕೆಳಗೆ. ಇದು ಗಾಡಿ ತೂಗೋದು,” ಎಂದರಂತೆ ಸಾಹೇಬರು.

“ನಾನೂ ಈ ಗಾಡಿ ಸಾಮಾನೇ ಸಾರ್. ಪ್ರತಿ ವಾರ ಇದರ ತೂಕ ಹೊತ್ಕೊಂಡು ನಿಮ್ಮ ಬೆನ್ನ ಹಿಂದೆ ಹೋಗ್ತೀನಿ. ಇವತ್ತು ಎದುರಿಗೆ ಬಂದಿದೀನಿ, ಸೇರಿಸಿ ತೂಗಿ.”

“ತಲೆಗಿಲೆ ಕೆಟ್ಟಿದ್ಯಾ ಇವಳಿಗೆ?” ಧಣಿ ಕಾರಿಂದ ಇಳಿದನಂತೆ. “ಸಾರ್, ನಮ್ಮ ಕೆಲಸದವಳು. ಸ್ವಲ್ಪ ಹೀಗೇ.”

“ಹೀಗೇ ಇದೀನೋ ಹೇಗೋ, ಹಿಂದೆ ತಿರುಗಿ ಮೆಟ್ಟಿಲು ನೋಡಿ ಸಾರ್. ಒಂದೇ ಒಂದು ಸಲ,” ಎಂದಳಂತೆ ಅಕ್ಕ.

ಆವತ್ತು ತೂಕದ ಸಾಹೇಬರ ಕತ್ತು ತಿರುಗಿತು. ಮೆಟ್ಟಿಲ ಮೇಲೆ ಬೊಂಬಿಗೆ ನೇತಾಡುವ ಎಂಜಿನ್, ಕ್ಯಾನು, ಲಂಗರು, ಅವುಗಳ ಕೆಳಗೆ ಐದು ಜನ. ಸಾಹೇಬರು ಸೆಲ್ಯೂಟ್ ಹೊಡೆಯಲಿಲ್ಲ. “ಎಲ್ಲ ಇಳಿಸಿ ಇಲ್ಲಿ ತನ್ನಿ,” ಎಂದರು. ತಮ್ಮ ಕುರ್ಚಿ ಉಳಿಸಿಕೊಳ್ಳಲು ಎಂದರೋ, ನಾಚಿಕೆಯಾಗಿ ಎಂದರೋ, ನನಗೆ ಗೊತ್ತಿಲ್ಲ. ಐದು ಜನ ಹೊರೆ ಇಳಿಸಿದರು, ಮೆಟ್ಟಿಲ ಮೇಲೇ. “ಬೇಕಾದ್ರೆ ಧಣಿ ಬಂದು ತಗೊಂಡು ಹೋಗ್ಲಿ,” ಎಂದು ಎಂಜಿನ್ ಹೊತ್ತವನೊಬ್ಬ ಕೂಗಿದನಂತೆ. ಧಣಿಯೇ ಕ್ಯಾನು ಎತ್ತಲು ಬಂದು, ಎತ್ತಲಾಗದೆ, ಬೆಳ್ಳನೆಯ ಪ್ಯಾಂಟಿನ ಮೇಲೆ ಇಂಧನ ಚೆಲ್ಲಿಕೊಂಡನಂತೆ. ಇದು ನನ್ನ ಉತ್ಪ್ರೇಕ್ಷೆ ಅಲ್ಲ, ಐವರೂ ಒಂದೇ ಮಾತು ಹೇಳಿದರು. ಟ್ರೈಲರ್ ಮೂರು ದಿನ ಠಾಣೆಯ ಅಂಗಳದಲ್ಲಿ ನಿಂತಿತು.

ಆ ಹೊತ್ತಿಗೆ ನಾನೆಲ್ಲಿದ್ದೆ? ಎಲ್ಲರಿಗಿಂತ ಮುಂದೆ. ಸಾಹೇಬರ ಕತ್ತು ತಿರುಗುವ ಮೊದಲೇ ಕಿಟಕಿ ದಾಟಿದ್ದೆ. ನೆತ್ತಿಗೆ ಹೋಗಿ, ಸರಪಳಿ, ಬ್ಯಾಟರಿ ಇಳಿಸಿ, ಬೆವರು ಒರೆಸಿಕೊಂಡು, ಗಾಡಿ ಬರುತ್ತದೆ, ತುಂಬಬೇಕು ಎಂದು ಕಾಯುತ್ತಾ ನಿಂತೆ. ಗಾಡಿ ಬರಲಿಲ್ಲ. ನೆತ್ತಿಯ ಮೇಲೆ ನಾನು, ಒಂದು ಬ್ಯಾಟರಿ, ಅಕ್ಕನ ಸರಪಳಿ. ಬಿಸಿಲು ಏರಿತು. ಯಾರೂ ಬರಲಿಲ್ಲ.

ಈಗ ಧಣಿ ಸಾಮಾನಿಗೆ ಬೇರೆ ಗಾಡಿ ಕರೆಸುತ್ತಾನೆ. ಯಾರೂ ಹೊರುವುದಿಲ್ಲ. ಐವರೂ ಹೊರುವುದಿಲ್ಲ ಎಂದರು. ಏಳನೆಯವಳು, ನಮ್ಮಕ್ಕ, ಯಾರ್ಡಿಗೆ ಹೋಗುವುದಿಲ್ಲ, ಬರಬೇಡ ಎಂದಿದ್ದಾರೆ. ನಾನು ಹೋಗುತ್ತೇನೆ. ಸೋಮವಾರದ ತಗಡು ಈಗ ನಾನು ತಿಕ್ಕುತ್ತೇನೆ. ಚಹಾದಂಗಡಿಯಲ್ಲಿ ಯಾರಾದರೂ, “ಆ ಠಾಣೆ ಗಲಾಟೆ ಮಾಡಿದ್ದು ಯಾರೋ?” ಎಂದರೆ ನನ್ನ ನಾಲಿಗೆ ತಾನಾಗಿಯೇ ಕಿರುಬೆರಳು, ಗುಡುಗು ಎಂದು ಶುರುಮಾಡುತ್ತದೆ.

ಇಷ್ಟನ್ನೂ ಬರೆದು ಅಕ್ಕನಿಗೆ ಓದಿದೆ. ಈ ಸಲ ಅವಳು ನಗಲಿಲ್ಲ. ಕೇಳಿದಳು:

“ಮೆಟ್ಟಿಲು ಒಂಬತ್ತು ನೂರಲ್ಲ ಅಂದ್ಯಲ್ಲ. ಎಷ್ಟು ಮತ್ತೆ?”

“ಅರವತ್ತೆರಡು.”

“ಅಷ್ಟು ಭಾರ ಹೊತ್ಕೊಂಡು ಹತ್ತೋವಾಗ ಎಣಿಸಿದ್ಯೇನೋ?”

“ಇಲ್ಲ ಅಕ್ಕ,” ಎಂದೆ. “ಸರಪಳಿ ಹೊತ್ಕೊಂಡು ವಾಪಸ್ ಇಳಿಯೋವಾಗ.”